ಮನೆಯಲ್ಲಿ ಪೌಡರ್ ಕೋಟಿಂಗ್: ಪುಟ್ಟ ಗನ್ನೊಂದರ ಎಂಟು ತಿಂಗಳ ಲೆಕ್ಕ

ಪೌಡರ್ ಕೋಟಿಂಗ್ ಎಂದರೆ ಬಣ್ಣದ ಒಣ ಪುಡಿಯನ್ನು ಲೋಹಕ್ಕೆ ಅಂಟಿಸಿ, ಓವನ್ನಿನಲ್ಲಿ ಬೇಯಿಸಿ ಗಟ್ಟಿ ಲೇಪ ಮಾಡುವುದು. ಆ ಪುಡಿ ಹೊಡೆಯುವ ಗನ್ ಕೊಳ್ಳಬೇಕೆಂದು ಹುಡುಕಹೊರಟವರಿಗೆ ಎರಡು ಜಾತಿಯ ಸಾಮಾನು ಎದುರಾಗುತ್ತವೆ. ಕಾರ್ಖಾನೆಗಳಿಗೆಂದೇ ಮಾಡಿದ, ಪುಡಿ ತುಂಬುವ ಪ್ರತ್ಯೇಕ ಹಾಪರ್ ಮತ್ತು ಕಂಟ್ರೋಲ್ ಪ್ಯಾನೆಲ್ ಇರುವ ದುಬಾರಿ ಯಂತ್ರ ಒಂದು. ಕೈಯಲ್ಲಿ ಹಿಡಿಯುವಷ್ಟೇ ಗಾತ್ರದ, ಪೌಡರ್ ತುಂಬಿದ ಪ್ಲಾಸ್ಟಿಕ್ ಬಟ್ಟಲನ್ನು ಕೆಳಗಿನಿಂದ ತಿರುಗಿಸಿ ಸಿಕ್ಕಿಸುವ, ಮನೆಬಳಕೆಯ ಪುಟ್ಟ ಗನ್ ಇನ್ನೊಂದು. ನಾನು ಕೊಂಡದ್ದು ಎರಡನೆಯದನ್ನು, ಸಾಗಣೆ ವೆಚ್ಚವೂ ಸೇರಿ ಸುಮಾರು 18,000 ರೂಪಾಯಿಗೆ. ಎಂಟು ತಿಂಗಳಲ್ಲಿ ಅದರಿಂದ ನಲವತ್ತಕ್ಕೂ ಹೆಚ್ಚು ಬಿಡಿಭಾಗಗಳಿಗೆ ಬಣ್ಣ ಹಿಡಿಸಿದ್ದೇನೆ. ಅವುಗಳಲ್ಲಿ ಮೊದಲ ಒಂಬತ್ತನ್ನು ಕೆರೆದು ತೆಗೆದು ಮತ್ತೆ ಮಾಡಬೇಕಾಯಿತು. ಮೊದಲ ತಿಂಗಳು ಪೂರ್ತಿ ಗನ್ನೇ ಕಳಪೆಯೆಂದು ನಂಬಿದ್ದೆ. ತಪ್ಪು ಅದರದಾಗಿರಲಿಲ್ಲ, ಕನಿಷ್ಠ ಮುಕ್ಕಾಲು ಪಾಲು ಅದರದಾಗಿರಲಿಲ್ಲ. ಮಾರುವವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳುವುದರಲ್ಲಿ ಬಹುಪಾಲು ಈ ಬಗೆಯ ಯಾವ ಗನ್ನಿಗಾದರೂ ಸಲ್ಲುತ್ತದೆ.

ಕೆಲಸಕ್ಕೆ ಕಾರಣ ಒಂದು ಹಳೆಯ ಯೆಜ್ಡಿ ಬೈಕು. ಅದನ್ನು ತಯಾರಿಸಿದ, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಹೀಗಾಗಿ ಆ ಕಾಲದ ತಗಡಿನ ಭಾಗ ತುಕ್ಕು ತಿಂದು ಹಾಳಾದರೆ ಅದೇ ದಪ್ಪದ, ಅದೇ ಅಳತೆಯ ಇನ್ನೊಂದನ್ನು ಹುಡುಕುವುದಕ್ಕೆ ತಿಂಗಳುಗಟ್ಟಲೆ ಬೇಕು. ಇದ್ದದ್ದನ್ನೇ ಉಳಿಸಿಕೊಳ್ಳಬೇಕಾದರೆ ಸ್ಪ್ರೇ ಡಬ್ಬಿಯ ಬಣ್ಣಕ್ಕಿಂತ ಗಟ್ಟಿಯಾದ ಲೇಪ ಬೇಕಿತ್ತು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೂಲಿ ಪಡೆದು ಕೋಟಿಂಗ್ ಮಾಡಿಕೊಡುವ ಜಾಬ್ ವರ್ಕಿನವರಿದ್ದಾರೆ, ಕೆಲಸವೂ ಚೆನ್ನಾಗಿಯೇ ಇರುತ್ತದೆ. ಆದರೆ ಕಿಟಕಿಯ ಗ್ರಿಲ್ಲು, ಕಬ್ಬಿಣದ ಬೀರು, ಪ್ಯಾನೆಲ್ ಬೋರ್ಡುಗಳ ನಡುವೆ ನನ್ನ ನಾಲ್ಕು ಬ್ರಾಕೆಟ್ಟು, ಎರಡು ಕ್ಲಾಂಪುಗಳಿಗೆ ಅಲ್ಲಿ ಲೆಕ್ಕವಿಲ್ಲ. ಒಮ್ಮೆ ಕೊಟ್ಟ ಹನ್ನೊಂದು ಸಾಮಾನುಗಳಲ್ಲಿ ಹತ್ತು ಮಾತ್ರ ಹಿಂದಿರುಗಿದವು. ಹನ್ನೊಂದನೆಯದು ಪಾದದಾನಿಯ ಕೊಂಡಿ. ಅದು ಇಂದಿಗೂ ಸಾಮಾನು ತೊಳೆಯುವ ಯಾವುದೋ ಟ್ಯಾಂಕಿನ ತಳದಲ್ಲಿ ಮಲಗಿರಬೇಕು. ಗನ್ ಕೊಳ್ಳುವ ನಿರ್ಧಾರ ಅಂದೇ ಆಯಿತು.

ಪೆಟ್ಟಿಗೆಯಲ್ಲಿ ಬಂದದ್ದು ಗನ್, ಅದಕ್ಕೆ ವಿದ್ಯುತ್ ಕೊಡುವ ಚಿಕ್ಕ ಡಬ್ಬಿ, ಎರಡು ಪೌಡರ್ ಬಟ್ಟಲು, ಒಂದು ಅರ್ತಿಂಗ್ ಕ್ಲಿಪ್ಪು, ಸಣ್ಣದೊಂದು ಗಾಳಿಯ ಫಿಲ್ಟರು ಮತ್ತು ಎಂಟು ಪುಟದ ಕೈಪಿಡಿ. ಕೈಪಿಡಿಯನ್ನು ಓದಿ ಪ್ರಯೋಜನವಿಲ್ಲ. ಗನ್ನಿನ ಕೆಲಸ ಸರಳವಾದದ್ದು: ರಾಳ, ಬಣ್ಣ, ಗಟ್ಟಿಯಾಗಿಸುವ ರಾಸಾಯನಿಕ ಇವನ್ನೆಲ್ಲ ಒಟ್ಟಿಗೆ ಕರಗಿಸಿ ಅರೆದ ಒಣ ಪುಡಿಯನ್ನು ಗಾಳಿ ಬಟ್ಟಲಿನಿಂದ ಎಬ್ಬಿಸಿ ಹೊರಕ್ಕೆ ತಳ್ಳುತ್ತದೆ, ತುದಿಯಲ್ಲಿರುವ ಸೂಜಿಯಂಥ ತಂತಿ ಅದಕ್ಕೆ ವಿದ್ಯುದಾವೇಶ ಕೊಡುತ್ತದೆ, ಅರ್ತ್ ಆಗಿರುವ ಲೋಹ ಆ ಪುಡಿಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಕಾರ್ಖಾನೆಯ ಗನ್ನುಗಳು 100 ಕಿಲೋವೋಲ್ಟ್‌ವರೆಗೂ ಹೋಗುತ್ತವೆ, ನನ್ನದರ ಮೇಲೆ ಬರೆದಿರುವುದು 15. ತಗಡು ಮತ್ತು ಸಣ್ಣ ಸರಳುಗಳಿಗೆ ಅಷ್ಟು ಸಾಕು ಎನ್ನುವುದು ಈಗ ಅನುಭವದಿಂದ ಗೊತ್ತಾಗಿದೆ. ಹಿಡಿ ಕೈಗೆ ಚೆನ್ನಾಗಿ ಕೂರುತ್ತದೆ, ಬಟ್ಟಲಿನ ತಿರುಪು ಇನ್ನೂ ಸವೆದಿಲ್ಲ, ಮತ್ತು ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗಲು ಗಾಳಿ ಊದಿ ಒರೆಸಿದರೆ ಐದು ನಿಮಿಷ ಸಾಲುತ್ತದೆ. ಇದು ನಿಜವಾದ ಅನುಕೂಲ. ಅನನುಕೂಲವೆಂದರೆ, ವಿದ್ಯುತ್ ಹರಿಸುವ ಗುಂಡಿ ಗನ್ನಿನ ಮೇಲಿಲ್ಲದೆ ಬೇರೆ ತಂತಿಯ ತುದಿಯಲ್ಲಿದೆ. ಬಲಗೈಯಲ್ಲಿ ಗನ್, ಎಡಗೈಯಲ್ಲಿ ಗುಂಡಿ ಹಿಡಿದ ಮೇಲೆ ತೂಗುತ್ತಿರುವ ಸಾಮಾನನ್ನು ತಿರುಗಿಸಲು ಮೂರನೆಯ ಕೈಗೆ ಮನೆಯವರನ್ನು ಕರೆಯಬೇಕು.

ಇನ್ನು ಆ ಒಂಬತ್ತು ಸಾಮಾನುಗಳ ವಿಷಯ. ಮೊದಲ ದಿನ ಬ್ಯಾಟರಿ ಪೆಟ್ಟಿಗೆಯನ್ನು ಉಜ್ಜಿ, ತೊಳೆದು, ಕಂಬಿಗೆ ತೂಗುಹಾಕಿ, ಕ್ಲಿಪ್ಪು ಸಿಕ್ಕಿಸಿ ಗನ್ ಚಾಲೂ ಮಾಡಿದೆ. ಪುಡಿ ಪೆಟ್ಟಿಗೆಯ ಮುಂದಿನ ಮುಖಕ್ಕೆ ತೆಳ್ಳಗೆ ತಗಲಿ ಉಳಿದದ್ದೆಲ್ಲ ನೆಲಕ್ಕೆ ಉದುರಿತು. ಓವನ್ನಿನತ್ತ ಒಯ್ಯುವಾಗ ಕಂಬಿ ಅಲುಗಿದ್ದಕ್ಕೆ ತಗಲಿದ್ದರಲ್ಲಿ ಅರ್ಧ ಜಾರಿತು. ಗಾಳಿ ಹೆಚ್ಚಿಸಿದೆ, ತಗ್ಗಿಸಿದೆ, ಹತ್ತಿರ ಹಿಡಿದೆ, ದೂರ ಹಿಡಿದೆ, ಬೇರೆ ಪೌಡರ್ ತರಿಸಿದೆ. ಮೂರು ಭಾನುವಾರ ಹೀಗೆಯೇ ಕಳೆದ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದ ಎಲೆಕ್ಟ್ರಿಷಿಯನ್ ಇದನ್ನು ನೋಡುತ್ತ ನಿಂತರು. ಆಮೇಲೆ ಹೋಲ್ಡರಿಗೆ ಬಲ್ಬು ಹಾಕಿ, ಒಂದು ತಂತಿಯನ್ನು ಸಾಕೆಟ್ಟಿನ ಫೇಸಿಗೂ ಇನ್ನೊಂದನ್ನು ಅರ್ತಿನ ತೂತಿಗೂ ಕೊಟ್ಟರು. ಅರ್ತಿಂಗ್ ಇದ್ದಿದ್ದರೆ ಹೊತ್ತಬೇಕಿದ್ದ ಬಲ್ಬು ಹೊತ್ತಲಿಲ್ಲ. ಸ್ವಿಚ್ ಬೋರ್ಡು ಬಿಚ್ಚಿ ನೋಡಿ, "ಪಾಯಿಂಟ್ ಇದೆ ಸಾರ್, ವೈರ್ ಇಲ್ಲ" ಎಂದರು.

ಗನ್ನಿನ ಕ್ಲಿಪ್ಪಿನಿಂದ ಹೊರಟ ತಂತಿ ವಿದ್ಯುತ್ ಡಬ್ಬಿಗೆ, ಅಲ್ಲಿಂದ ಮೂರು ಪಿನ್ನಿನ ಪ್ಲಗ್ಗಿಗೆ, ಪ್ಲಗ್ಗಿನಿಂದ ಗೋಡೆಯೊಳಕ್ಕೆ ಹೋಗಿ ಅಲ್ಲೇ ಅನಾಥವಾಗಿ ನಿಂತಿತ್ತು. ಪುಡಿಗೆ ಆವೇಶ ಸಿಗುತ್ತಿತ್ತು, ಆದರೆ ಲೋಹಕ್ಕೆ ಅದನ್ನು ನೆಲಕ್ಕೆ ಇಳಿಸುವ ದಾರಿ ಇರಲಿಲ್ಲವಾದ್ದರಿಂದ ಎರಡು ಪದರ ಕೂತ ಕೂಡಲೇ ಸಾಮಾನೇ ಪುಡಿಯನ್ನು ದೂರ ತಳ್ಳುತ್ತಿತ್ತು. ಹಿತ್ತಲಿನಲ್ಲಿ ಗುಂಡಿ ತೋಡಿಸಿ, ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಮತ್ತು ಕಲ್ಲುಪ್ಪನ್ನು ಪದರಪದರವಾಗಿ ತುಂಬಿಸಿ, ಅದರಿಂದ ತಾಮ್ರದ ತಂತಿಯನ್ನು ನೇರವಾಗಿ ತೂಗುಕಂಬಿಗೇ ತಂದು ಬೋಲ್ಟ್ ಮಾಡಿಸಿದೆ. ಆ ಸಂಜೆ ಅದೇ ಬ್ಯಾಟರಿ ಪೆಟ್ಟಿಗೆ, ಅದೇ ಪೌಡರ್, ಅದೇ ಗನ್. ಮುಂದಿನಿಂದ ಹೊಡೆದ ಪುಡಿ ಅಂಚನ್ನು ಬಳಸಿಕೊಂಡು ಹಿಂಬದಿಗೆ ಹೋಗಿ ಕೂರುವುದನ್ನು ಕಣ್ಣಾರೆ ಕಂಡೆ. ಕಂಬಿಯನ್ನು ಬೆರಳಿನಿಂದ ತಟ್ಟಿದರೂ ಉದುರಲಿಲ್ಲ. ಹಾಗೆ ನೋಡಿದರೆ ಈ ಗನ್ ನನಗೆ ಮಾಡಿದ ದೊಡ್ಡ ಉಪಕಾರ ಬಣ್ಣದ್ದಲ್ಲ. ಮನೆಯ ಗೀಜರಿಗೂ ಫ್ರಿಜ್ಜಿಗೂ ಇಷ್ಟು ವರ್ಷ ಅರ್ತಿಂಗ್ ಇರಲಿಲ್ಲವೆಂದು ತೋರಿಸಿಕೊಟ್ಟದ್ದು ಇದೇ.

ಅರ್ತಿಂಗ್ ಸರಿಯಾದ ಮೇಲೂ ಕ್ಲಿಪ್ಪಿನ ಮೇಲೆ ನನ್ನ ತಕರಾರು ಉಳಿದಿದೆ. 18,000 ರೂಪಾಯಿ ಸಾಮಾನಿಗೆ ಆಟಿಕೆಯ ಬ್ಯಾಟರಿಗೆ ಹಾಕುವಂಥ ಕ್ಲಿಪ್ಪು ಕೊಟ್ಟಿದ್ದಾರೆ. ಎರಡನೆಯ ವಾರಕ್ಕೆ ಅದರ ಸ್ಪ್ರಿಂಗ್ ಸಡಿಲವಾಯಿತು. ಅದನ್ನು ಕತ್ತರಿಸಿ ವೆಲ್ಡಿಂಗ್ ಯಂತ್ರದ ಅರ್ತಿಂಗ್ ಕ್ಲಾಂಪು ಹಾಕಿಕೊಂಡಿದ್ದೇನೆ. ಜೊತೆಗೆ, ತೂಗುಹಾಕುವ ಕೊಕ್ಕೆಗೂ ಪ್ರತಿ ಸಲ ಬಣ್ಣ ಕೂತು ಬೇಯುತ್ತದೆ, ಬೆಂದ ಬಣ್ಣ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದ್ದರಿಂದ ಪ್ರತಿ ಸರದಿಗೂ ಕೊಕ್ಕೆಯ ತುದಿಯನ್ನು ಅರದಿಂದ ಉಜ್ಜಿ ಹೊಳೆಯುವಂತೆ ಮಾಡಬೇಕು. ನಾನು ಬೈಂಡಿಂಗ್ ವೈರಿನ ಕೊಕ್ಕೆ ಮಾಡಿ ಒಂದು ಸಲ ಬಳಸಿ ಎಸೆಯುತ್ತೇನೆ.

ಗಾಳಿಯ ವಿಷಯದಲ್ಲಿ ಗನ್ ಮೃದು ಸ್ವಭಾವದ್ದು: 8ರಿಂದ 10 ಪಿಎಸ್‌ಐ ಒತ್ತಡ ಸಾಕು, ಹೆಚ್ಚು ಕೊಟ್ಟರೆ ಕೂತ ಪುಡಿಯೇ ಹಾರಿಹೋಗುತ್ತದೆ. ಆದರೆ ಗನ್ನಿಗೆ ಗಾಳಿ ಕೊಡುವ ನನ್ನ 24 ಲೀಟರ್ ಕಂಪ್ರೆಸರಿನ ರೆಗ್ಯುಲೇಟರ್ ಅಷ್ಟು ಸಣ್ಣ ಒತ್ತಡಕ್ಕೆ ಹೇಳಿಮಾಡಿಸಿದ್ದಲ್ಲ, ಅದರ ಮೀಟರಿನಲ್ಲಿ 10 ಎಂದರೆ ಮುಳ್ಳು ಸೊನ್ನೆಯಿಂದ ಕದಲಿತೋ ಇಲ್ಲವೋ ಎನ್ನುವಷ್ಟು. ಕಡಿಮೆ ಒತ್ತಡದ ಎರಡನೆಯ ರೆಗ್ಯುಲೇಟರೊಂದನ್ನು ಗನ್ನಿನ ಹತ್ತಿರ ಹಾಕಿದ ಮೇಲೆ ಪುಡಿ ಒಂದೇ ಸಮನೆ ಬರತೊಡಗಿತು. ತೇವ ಇನ್ನೊಂದು ಶತ್ರು. ಪೆಟ್ಟಿಗೆಯ ಜೊತೆ ಬಂದ ಫಿಲ್ಟರು ಬೇಸಗೆಯಲ್ಲಿ ಸಾಲುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಬಟ್ಟಲಿನೊಳಗಿನ ಪುಡಿ ಸರಿಯಾಗಿ ತಿರುವದ ಮುದ್ದೆಯ ಹಾಗೆ ಗಂಟುಗಂಟಾಗಿ, ಗನ್ ಉಗುಳು ಉಗುಳಿದಂತೆ ಕಕ್ಕತೊಡಗಿತು. ಈಗ ಪೌಡರನ್ನು ಜರಡಿ ಹಿಡಿದೇ ತುಂಬುತ್ತೇನೆ, ಚೀಲವನ್ನು ಬಾಯಿ ಬಿಗಿದು ತಂಪಾದ ಕೋಣೆಯಲ್ಲಿಡುತ್ತೇನೆ.

ಸಾಮಾನು ಸ್ವಚ್ಛಗೊಳಿಸುವುದರಲ್ಲಿ ಮನೆಯವರು ಕಾರ್ಖಾನೆಗೆ ಸಮನಾಗುವುದು ಕಷ್ಟ. ಜಾಬ್ ವರ್ಕ್ ಮಾಡುವವರು ಸೆವೆನ್ ಟ್ಯಾಂಕ್ ಎಂದು ಹೇಳುವ ವಿಧಾನದಲ್ಲಿ ಜಿಡ್ಡು ತೆಗೆದು, ತುಕ್ಕು ತೆಗೆದು, ನಡುನಡುವೆ ನೀರಿನಲ್ಲಿ ಅದ್ದಿ, ಫಾಸ್ಫೇಟ್ ಲೇಪ ಹಿಡಿಸುತ್ತಾರೆ. ಬಣ್ಣ ತಗಡನ್ನು ಬಿಗಿಯಾಗಿ ಹಿಡಿದುಕೊಳ್ಳುವುದೂ, ಗೀರು ಬಿದ್ದಲ್ಲಿಂದ ತುಕ್ಕು ಒಳಗೊಳಗೇ ಹರಡದಿರುವುದೂ ಈ ಲೇಪದಿಂದ. ನಾನು ಮಾಡುವುದು ಇಷ್ಟೇ: ಹಳೆಯ ಬಣ್ಣವನ್ನು ಸ್ಟ್ರಿಪ್ಪರಿನಿಂದ ಎಬ್ಬಿಸಿ, ಮರಳನ್ನು ರಭಸದಿಂದ ಊದಿ ತುಕ್ಕು ತೆಗೆಯುವ ಸ್ಯಾಂಡ್ ಬ್ಲಾಸ್ಟಿಂಗ್ ಮಾತ್ರ ಹೊರಗೆ ಮಾಡಿಸಿ, ಮನೆಗೆ ತಂದ ಮೇಲೆ ಅಸಿಟೋನಿನಿಂದ ಒರೆಸಿ, ಆ ದಿನವೇ ಬಣ್ಣ ಹೊಡೆಯುವುದು. ಬ್ಲಾಸ್ಟ್ ಆದ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟಬಾರದು. ಒಂದು ಬ್ರಾಕೆಟ್ಟನ್ನು ಮುಟ್ಟಿ, ಮರೆತು, ಮಳೆಗಾಲದ ಒಂದು ರಾತ್ರಿ ಹಾಗೆಯೇ ಬಿಟ್ಟಿದ್ದಕ್ಕೆ ಬೆಳಗ್ಗೆ ನನ್ನ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಕಂದು ತುಕ್ಕಿನಲ್ಲಿ ಮೂಡಿತ್ತು.

ಗನ್ನಿಗಿಂತ ಹೆಚ್ಚು ತಲೆ ತಿಂದದ್ದು ಓವನ್. 60 ಲೀಟರಿನ ಹೊಸ ಓಟಿಜಿಯೊಂದನ್ನು (ವಿದ್ಯುತ್ತಿನ ಓವನ್) ಇದಕ್ಕೆಂದೇ ಕೊಂಡು ಶೆಡ್ಡಿನಲ್ಲಿಟ್ಟೆ. ಅಡುಗೆಮನೆಯದನ್ನು ಒಂದೇ ಒಂದು ಸಲ ಬಳಸಿದರೂ ಮತ್ತೆ ಅದರಲ್ಲಿ ಆಹಾರ ಬೇಯಿಸುವಂತಿಲ್ಲ, ಮತ್ತು ಉರಿಯಿರುವ ಗ್ಯಾಸ್ ಓವನ್ನಿನ ಹತ್ತಿರಕ್ಕೂ ಈ ಪುಡಿಯನ್ನು ಒಯ್ಯಬಾರದು. ಪೌಡರಿನ ಚೀಲದ ಮೇಲೆ ಲೋಹದ ಉಷ್ಣತೆ 200 ಡಿಗ್ರಿ, 10 ನಿಮಿಷ ಎಂದು ಬರೆದಿತ್ತು. ಹೊಸಬರು ಎಡವುವುದು ಇಲ್ಲಿಯೇ, ನಾನೂ ಎಡವಿದೆ: ಓವನ್ನಿನ ಗುಂಡಿಯನ್ನು 200ಕ್ಕೆ ತಿರುಗಿಸಿ ಹತ್ತು ನಿಮಿಷ ಎಣಿಸಿದೆ. ಆ ಹತ್ತು ನಿಮಿಷ ಎಣಿಸಬೇಕಾದದ್ದು ಸಾಮಾನಿನ ಲೋಹ ಸ್ವತಃ 200 ಡಿಗ್ರಿ ಮುಟ್ಟಿದ ಮೇಲೆ. ಒಂದು ಮಿಲಿಮೀಟರ್ ತಗಡು ಏಳೆಂಟು ನಿಮಿಷಕ್ಕೆ ಬಿಸಿಯಾಗುತ್ತದೆ. ಸೈಡ್ ಸ್ಟ್ಯಾಂಡಿನ ಗಟ್ಟಿ ಕಬ್ಬಿಣ ಇಪ್ಪತ್ತೈದು ನಿಮಿಷ ತೆಗೆದುಕೊಂಡಿತು. ದೂರದಿಂದ ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ. ಆದ್ದರಿಂದ ತಾಗಿದ್ದರ ಬಿಸಿ ಅಳೆಯುವ ಥರ್ಮೋಕಪಲ್ ತಂತಿಯ ತುದಿಯನ್ನು ಸಾಮಾನಿನ ಕಾಣದ ಮೂಲೆಗೆ ತಾಗಿಸಿ ಕಟ್ಟುತ್ತೇನೆ. ಹಾಗೆ ಅಳೆದಾಗಲೇ ಗೊತ್ತಾದದ್ದು, ಗುಂಡಿಯಲ್ಲಿ 200 ಎಂದಿದ್ದರೂ ಒಳಗಿನ ಬಿಸಿ 170ರಿಂದ 220ರವರೆಗೆ ಉಯ್ಯಾಲೆಯಾಡುತ್ತದೆಂದು. ಬರಿಯ ಕಾಯಿಲ್ ಕಣ್ಣಿಗೆ ಕಾಣುವಷ್ಟು ಹತ್ತಿರವಿರುವುದರಿಂದ ನಡುವೆ ಒಂದು ಸ್ಟೀಲ್ ತಟ್ಟೆ ಅಡ್ಡವಿಡಬೇಕು, ಇಲ್ಲವಾದರೆ ಬಿಳಿ ಬಣ್ಣ ಆ ಬದಿಗೆ ಹಳದಿ ತಿರುಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು: ಓವನ್ನಿನ ಗಾಜಿನ ಮುಂದೆ ಕೂತು ನೋಡುವ ಐದು ನಿಮಿಷಕ್ಕಾಗಿ ಈ ರಗಳೆಯನ್ನೆಲ್ಲ ಸಹಿಸಬಹುದು. ಒಳಗೆ ಹೋಗುವಾಗ ಸಾಮಾನು ಮಸಿ ಬಳಿದ ಮಡಕೆಯಂತೆ ಮಂಕಾಗಿರುತ್ತದೆ. ನೂರು ಡಿಗ್ರಿ ದಾಟಿದ ಸ್ವಲ್ಪ ಹೊತ್ತಿಗೆ ತೆಳುವಾದ ಅಂಚುಗಳಲ್ಲಿ ಮೊದಲು ಒದ್ದೆ ಹೊಳಪು ಕಾಣುತ್ತದೆ; ಮೇಲ್ಮೈ ಒಂದು ಗಳಿಗೆ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗಾಗಿ, ಆಮೇಲೆ ತನ್ನಷ್ಟಕ್ಕೆ ಹರಿದು ಸಪಾಟಾಗುತ್ತದೆ. ಅಲ್ಲಿಗೆ ಮುಗಿಯಿತೆಂದು ಹೊರತೆಗೆದರೆ ಕೆಟ್ಟಿತು. ಕರಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಹೊಳಪು ಬಂದ ಮೇಲೆಯೇ ರಾಳದ ಅಣುಗಳು ಒಂದಕ್ಕೊಂದು ಬೆಸೆದುಕೊಳ್ಳುವ ನಿಜವಾದ ಕೆಲಸ ನಡೆಯುವುದು. ಅರೆಬೆಂದ ಲೇಪ ನೋಡಲು ಪೂರ್ತಿ ಬೆಂದದ್ದರಂತೆಯೇ ಇರುತ್ತದೆ. ತಿಳಿಯಲು ಒಂದೇ ದಾರಿ, ತಣ್ಣಗಾದ ಮೇಲೆ ತಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಕಾಣದ ಜಾಗದಲ್ಲಿ ಇಪ್ಪತ್ತು ಸಲ ಉಜ್ಜುವುದು. ನನ್ನ ಮೊದಲ ಚೈನ್ ಅಡ್ಜಸ್ಟರುಗಳನ್ನು ಉಜ್ಜಿದಾಗ ಬಟ್ಟೆ ಕಾಡಿಗೆ ಒರೆಸಿದಂತಾಯಿತು. ಅವನ್ನೇ ಮತ್ತೆ ಓವನ್ನಿಗೆ ಹಾಕಿ ಪೂರ್ತಿ ಬೇಯಿಸಿದ ಮೇಲೆ ಬಟ್ಟೆ ಬಿಳಿಯಾಗಿಯೇ ಉಳಿಯಿತು.

ಗನ್ನಿನ ನಿಜವಾದ ಮಿತಿ ಮೂಲೆಗಳಲ್ಲಿದೆ. ಬ್ಯಾಟರಿ ಪೆಟ್ಟಿಗೆಯ ಒಳಮೂಲೆಯಲ್ಲಿ ಎಷ್ಟು ಹೊಡೆದರೂ ಪುಡಿ ಕೂರದೆ ಎರಡೂ ಬದಿಯ ಅಂಚುಗಳಿಗೇ ಹೋಗಿ ಅಂಟಿಕೊಳ್ಳುತ್ತದೆ. ಫ್ಯಾರಡೇ ಕೇಜ್ ಎಂದು ಕರೆಯುವ ಈ ತೊಂದರೆ ದೊಡ್ಡ ಗನ್ನುಗಳಿಗೂ ಇದೆ, ಆದರೆ ಅವುಗಳಲ್ಲಿ ವೋಲ್ಟೇಜ್ ತಗ್ಗಿಸಿಕೊಳ್ಳಬಹುದು. ನನ್ನದರಲ್ಲಿ ಆ ಸೌಲಭ್ಯವಿಲ್ಲ. ಮೂಲೆಗಳನ್ನು ಮೊದಲು ಹೊಡೆದು, ಗಾಳಿಯನ್ನು ಕಡಿಮೆ ಮಾಡಿ, ಆಮೇಲೆ ಬಯಲು ಭಾಗಕ್ಕೆ ಬಂದರೆ ಸುಮಾರಾಗಿ ನಿಭಾಯಿಸುತ್ತದೆ. ತೀರಾ ಹಟಮಾರಿ ಮೂಲೆಯಾದರೆ ಸಾಮಾನನ್ನು ಮೊದಲೇ ಬಿಸಿ ಮಾಡಿಕೊಂಡು ಹೊಡೆಯುತ್ತೇನೆ, ಪುಡಿ ತಾಗಿದಲ್ಲೇ ಕರಗಿ ಹಿಡಿಯುತ್ತದೆ. ಇದು ಹೊಸ ಉಪಾಯವೇನಲ್ಲ. 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಬಿಸಿ ಮಾಡಿದ ಲೋಹವನ್ನು ಗಾಳಿಯಿಂದ ಉಬ್ಬಿಸಿದ ಪುಡಿಯ ತೊಟ್ಟಿಯಲ್ಲಿ ಅದ್ದುತ್ತಿದ್ದದ್ದು ಇದೇ ತತ್ವದ ಮೇಲೆ. ವಿದ್ಯುದಾವೇಶದ ಗನ್ನುಗಳು ಬಂದದ್ದು ಆಮೇಲೆ. ಹೀಗೆ ಬಿಸಿಯ ಮೇಲೆ ಹೊಡೆದಾಗ ಲೇಪ ಮಾತ್ರ ದಪ್ಪವಾಗುತ್ತದೆ. ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ಇರಬೇಕಾದದ್ದು ನನ್ನ ಪೆಟ್ಟಿಗೆಯ ಮೂಲೆಯೊಂದರಲ್ಲಿ 140 ಆಗಿ, ಅಲ್ಲಿ ಬೋಲ್ಟಿನ ವಾಷರ್ ಕೂರದೆ ಮತ್ತೆ ಕೆರೆಯಬೇಕಾಯಿತು.

ಎರಕದ ಅಲ್ಯುಮಿನಿಯಮ್ಮಿನ ಮಾತು ಬೇರೆ. ಹಿಂಗಾಲಿಯ ಬ್ರೇಕ್ ಪ್ಲೇಟನ್ನು ಎಷ್ಟು ತೊಳೆದಿದ್ದರೂ ಓವನ್ನಿನಲ್ಲಿ ಬಣ್ಣದ ತುಂಬ ಸೂಜಿಮೊನೆಯಂಥ ಗುಳ್ಳೆಗಳೆದ್ದವು. ಎರಕದ ರಂಧ್ರಗಳಲ್ಲಿ ದಶಕಗಳಿಂದ ಇಳಿದ ಎಣ್ಣೆ, ಸಿಕ್ಕಿಕೊಂಡ ಗಾಳಿ ಬಿಸಿಗೆ ಹೊರಬರುವಾಗ ಲೇಪವನ್ನು ತೂತು ಮಾಡುತ್ತವೆ. ಬಣ್ಣ ತೆಗೆದು, ಬರಿ ಪ್ಲೇಟನ್ನೇ 220 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ಅದರ ಮೈಯಿಂದ ಕಂದು ಬೆವರು ಒಸರಿ ನಿಂತಿತ್ತು. ಒರೆಸಿ ಮತ್ತೊಂದು ಗಂಟೆ ಇಟ್ಟ ಮೇಲೆ ಬಣ್ಣ ಸರಿಯಾಗಿ ಕೂತಿತು. ಪೆಟ್ರೋಲ್ ಟ್ಯಾಂಕನ್ನು ಮಾತ್ರ ಯಾರೂ ಇದಕ್ಕೆ ಒಡ್ಡಬಾರದು. ಆವಿಯ ಅಪಾಯ ಒಂದು ಕಡೆಯಿರಲಿ, ಹಳೆಯ ಟ್ಯಾಂಕಿಗೆ ಎಂದೋ ತವರ-ಸೀಸದ ಬೆಸುಗೆ ಹಾಕಿಸಿದ್ದರೆ ಅದು 183 ಡಿಗ್ರಿಗೇ ಕರಗುತ್ತದೆ. ರಬ್ಬರ್ ಬುಷ್ಷು, ಬೇರಿಂಗ್, ಪುಟ್ಟಿ ತುಂಬಿದ ತಗಡು ಇವೂ ಓವನ್ನಿಗೆ ಹೋಗುವ ಪೈಕಿ ಅಲ್ಲ.

ಸುರಕ್ಷತೆಯ ಬಗ್ಗೆ ಕೈಪಿಡಿಯಲ್ಲಿ ಎರಡೇ ಸಾಲಿದೆ, ಅದು ತಪ್ಪು. ಗಾಳಿಯಲ್ಲಿ ದಟ್ಟವಾಗಿ ತೇಲುವ ಪೌಡರ್ ಕಿಡಿ ತಾಗಿದರೆ ಸಿಡಿಯುತ್ತದೆ. ಕಿಟಕಿ ತೆರೆದಿರಬೇಕು, ಕಂಪ್ರೆಸರೂ ಓವನ್ನೂ ಹೊಡೆಯುವ ಜಾಗದಿಂದ ದೂರವಿರಬೇಕು. ಕೆಲವು ಪಾಲಿಯೆಸ್ಟರ್ ಪೌಡರುಗಳಲ್ಲಿ ಬಳಸುವ ಟಿಜಿಐಸಿ ಎಂಬ ರಾಸಾಯನಿಕ ದೇಹಕ್ಕೆ ವಿಷ, ಆದ್ದರಿಂದ ಚೀಲದ ಮೇಲಿನ ಬರಹ ಓದಿಯೇ ಕೊಳ್ಳಬೇಕು. ಯಾವ ಪೌಡರಾದರೂ ಮೂಗಿಗೆ ಕರವಸ್ತ್ರ ಸಾಲದು, ಎನ್95 ಮಾಸ್ಕು ಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಗನ್ ಹಿಡಿಯುವುದಿರಲಿ, ಹತ್ತಿರ ನಿಲ್ಲಲೂಬಾರದು. ಕೆಲಸ ಮುಗಿದ ಮೇಲೆ ಗನ್ನಿನ ತುದಿಯನ್ನು ಅರ್ತ್ ಆದ ಕಂಬಿಗೆ ಒಮ್ಮೆ ತಾಗಿಸಬೇಕು. ನಾನು ಎರಡು ಸಲ ಮರೆತು, ಎರಡು ಸಲವೂ ಮೊಣಕೈವರೆಗೆ ಜುಮ್ಮೆಂದು ನೆನಪಿಸಿಕೊಂಡಿದ್ದೇನೆ.

ಖರ್ಚಿನ ಲೆಕ್ಕ ಹೀಗಿದೆ: ಗನ್ 18,000, ಓಟಿಜಿ 12,000, ಕಂಪ್ರೆಸರ್ ಮೊದಲೇ ಇತ್ತು, ಅರ್ತಿಂಗ್ ಗುಂಡಿಗೆ 4,500, ಥರ್ಮೋಕಪಲ್ಲು, ರೆಗ್ಯುಲೇಟರು, ಬಿಸಿ ತಡೆಯುವ ಮಾಸ್ಕಿಂಗ್ ಟೇಪು, ಸಿಲಿಕೋನ್ ಬಿರಡೆಗಳಿಗೆಲ್ಲ ಸೇರಿ 4,000. ಪೌಡರ್ ಅಗ್ಗ, ರಾಲ್ 9005 (ಬಣ್ಣಗಳ ಪಟ್ಟಿಯಲ್ಲಿ ಕಪ್ಪಿನ ಒಂದು ಸಂಖ್ಯೆ) ಪಾಲಿಯೆಸ್ಟರ್ ಒಂದು ಕಿಲೋ ನನಗೆ 300 ರೂಪಾಯಿಗೆ ಸಿಕ್ಕಿತು. ಲೆಕ್ಕದ ಪ್ರಕಾರ 60 ಮೈಕ್ರಾನ್ ದಪ್ಪಕ್ಕೆ ಒಂದು ಕಿಲೋ ಸುಮಾರು 11 ಚದರ ಮೀಟರಿಗೆ ಬರಬೇಕು, ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದ ಪಾಲಾಗುತ್ತದೆ. ಗುಡಿಸಿ ಮತ್ತೆ ಬಟ್ಟಲಿಗೆ ಹಾಕಿದರೆ ಕಸದ ಚುಕ್ಕೆಗಳು ಬೆಂದು ಶಾಶ್ವತವಾಗುತ್ತವೆ. ಎಪಾಕ್ಸಿ ಪೌಡರ್ ಬೇಡ, ಅದು ಬಿಸಿಲಿಗೆ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ, ಗಾಡಿಗೆ ಪಾಲಿಯೆಸ್ಟರ್ರೇ ಸರಿ.

ಈ ಹಣದಲ್ಲಿ ಇಡೀ ಗಾಡಿಯ ಬಿಡಿಭಾಗಗಳನ್ನು ಹೊರಗೆ ಹಲವು ಸಲ ಕೋಟಿಂಗ್ ಮಾಡಿಸಬಹುದಿತ್ತು. ಒಂದೇ ಗಾಡಿ, ಒಂದೇ ಸಲದ ಕೆಲಸವಾದರೆ ಗನ್ ಕೊಳ್ಳಬೇಡಿ. ಫ್ರೇಮು, ಮಡ್‌ಗಾರ್ಡು, ಚೈನ್ ಕವರು ಹೇಗೂ ಓಟಿಜಿಯೊಳಗೆ ಹಿಡಿಸುವುದಿಲ್ಲ, ಅವು ನನಗೂ ಹೆಬ್ಬಾಳಕ್ಕೇ ಹೋದವು. ಆದರೆ ವರ್ಷವಿಡೀ ಅಂಗೈಯಗಲದ ಸಾಮಾನು ಕೈಯಲ್ಲಿರುವವರಿಗೆ, ತಿರುಪಿನ ತೂತಿಗೆ ತಾನೇ ಬಿರಡೆ ಹಾಕಿ, ಬೇರಿಂಗ್ ಕೂರುವ ಜಾಗವನ್ನು ತಾನೇ ಮುಚ್ಚಿ, ಬೇಕಾದ ಬಣ್ಣವನ್ನು ಬೇಕಾದ ದಿನ ಹಿಡಿಸಿಕೊಳ್ಳಬೇಕೆನ್ನುವವರಿಗೆ ಈ ಗನ್ನನ್ನು ಐದಕ್ಕೆ ಮೂರೂವರೆ ಅಂಕ ಕೊಟ್ಟು ಒಪ್ಪಿಸುತ್ತೇನೆ. ಕಳೆದುಕೊಂಡ ಅರ್ಧ ಅಂಕ ಕೈಪಿಡಿಗೆ, ಪೂರ್ತಿ ಒಂದು ಅಂಕ ಆ ಕ್ಲಿಪ್ಪಿಗೆ. ಕೊಳ್ಳುವುದೇ ಆದರೆ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸಾಕೆಟ್ಟಿನ ಅರ್ತಿಂಗ್ ಪರೀಕ್ಷಿಸಿ, ಗನ್ನಿಗೆ ಹಣ ಕಟ್ಟುವುದು ಬಲ್ಬು ಹೊತ್ತಿದ ಮೇಲೆ.